ಪಾಯಾಳು ಅಣ್ಣನ ಕಾಲು, ನನ್ನ ಕುತ್ತಿಗೆ

ಕುತ್ತಿಗೆ ಹಿಡಿದುಕೊಂಡ ಮೇಲೆ ನನಗೆ ಗೊತ್ತಾದ ಮೊದಲ ಸಂಗತಿ ಎಂದರೆ, ಲೋಕದಲ್ಲಿ ನನ್ನನ್ನು ಕರೆಯುವವರೆಲ್ಲ ಎಡಗಡೆಯೇ ನಿಂತಿರುತ್ತಾರೆ. ಅಂಗಡಿಯಲ್ಲಿ ಅಪ್ಪ ಎಡಕ್ಕೆ, ಅಡಿಗೆಮನೆಯಲ್ಲಿ ಅವ್ವ ಎಡಕ್ಕೆ, ಉದಗೀರದ ಬಜಾರಿನಲ್ಲಿ ಗುರುತಿನವರು ಎಲ್ಲರೂ ಎಡಕ್ಕೆ. ಹೇರು ತುಂಬಿದ ಬಂಡಿ ಓಣಿಯೊಳಗೆ ತಿರುಗಿದ ಹಾಗೆ ನಾನು ಕಾಲಿನಿಂದ ಹಿಡಿದು ಇಡೀ ಮೈ ತಿರುಗಿಸಿ "ಓ" ಅನ್ನುವಷ್ಟರಲ್ಲಿ ಕರೆದವರು ಮುಂದೆ ಹೋಗಿರುತ್ತಿದ್ದರು.

ಇದರಿಂದ ನನ್ನ ಹೊಟ್ಟೆಯ ಮೇಲೇ ಏಟು ಬಿದ್ದಿತು. ನಾನು ಊರಲ್ಲಿ ಸೋಂಗು ಮಾಡುವವನೆಂದು ಹೆಸರಾದವನು. ಯಾರ ದನಿ ಬೇಕು ಹೇಳಿರಿ, ತೆಗೆಯುತ್ತಿದ್ದೆ. ತಹಶೀಲ ಕಚೇರಿಯ ಪೇಶಕಾರರ ಮೂಗಿನ ಮಾತು, ಎಣ್ಣೆ ಅಂಗಡಿಯವನು ತಕ್ಕಡಿ ಹಿಡಿಯುವಾಗ ಮೇಲೆ ದೇವರನ್ನು ನೋಡುವ ರೀತಿ, ನಮ್ಮ ಅಪ್ಪ ತೊಗರಿ ಕಾಳು ಕಚ್ಚಿ ರೈತನ ಮುಖಕ್ಕೆ ಹೇಳುವ "ಹಸಿ ಅದ, ಹಸಿ ಅದ" ಎಲ್ಲ ನನ್ನಲ್ಲಿದ್ದವು. ಅವ್ವನ ಮುಂದೆ ಅವ್ವನನ್ನೇ ಮಾಡಿ ತೋರಿಸಿ, ಬೈಸಿಕೊಂಡು, ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದೆ. ಸೋಂಗಿಗೆ ನಾಲಿಗೆ ಮುಖ್ಯ ಅಂತ ಜನ ತಿಳಿದಿದ್ದಾರೆ. ಅಲ್ಲ, ಕುತ್ತಿಗೆ. ಒಬ್ಬೊಬ್ಬ ಮನುಷ್ಯನೂ ತನ್ನ ತಲೆಯನ್ನು ಒಂದೊಂದು ಥರ ಹೊತ್ತಿರುತ್ತಾನೆ. ಅದನ್ನು ಹಿಡಿದರೆ ದನಿ ತಾನೇ ಬರುತ್ತದೆ. ಈಗ ನನ್ನ ತಲೆ ಬಲಕ್ಕೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು. ಯಾರ ಸೋಂಗು ಮಾಡಿದರೂ ಅವರಿಗೆಲ್ಲ ಕುತ್ತಿಗೆ ನೋವು.

ಇನ್ನು ನಮ್ಮ ಅಣ್ಣ. ಸ್ವಂತ ಅಣ್ಣನಲ್ಲ, ದೊಡ್ಡಪ್ಪನ ಮಗ. ಒಂದೇ ಮನೆ, ಒಂದೇ ಒಲೆ. ನನಗಿಂತ ಎರಡು ತಿಂಗಳಷ್ಟೇ ದೊಡ್ಡವನು. ಆ ಎರಡು ತಿಂಗಳು ಅವನು ಮೊದಲು ಬಂದು ಏನು ಘನಕಾರ್ಯ ಮಾಡಿದನೋ ನನಗೆ ತಿಳಿಯದು. ಹಾಲು ಕುಡಿದು ಮಲಗಿರಬೇಕು. ಅಷ್ಟಕ್ಕೇ ನಾನು ಸಾಯುವತನಕ ಅವನಿಗೆ "ಅಣ್ಣಾ" ಅನ್ನಬೇಕು.

ಹುಟ್ಟುವುದರಲ್ಲೂ ಅವನು ಎಲ್ಲರಂತೆ ಹುಟ್ಟಲಿಲ್ಲ. ಕಾಲು ಮುಂದಾಗಿ ಬಂದ. ನಮ್ಮ ಕಡೆ ಅಂಥವರಿಗೆ ಪಾಯಾಳು ಅನ್ನುತ್ತಾರೆ. ಪಾಯಾಳು ತನ್ನ ಕಾಲಿನಿಂದ ಮೆಲ್ಲಗೆ ಮುಟ್ಟಿದರೆ ಹಿಡಿದ ಸೊಂಟ, ಉಳುಕಿದ ಬೆನ್ನು ಬಿಟ್ಟುಹೋಗುತ್ತವೆಂದು ಮರಾಠಿ ಮಂದಿಯೂ ನಂಬುತ್ತಾರೆ, ಕನ್ನಡ ಮಂದಿಯೂ ನಂಬುತ್ತಾರೆ. ಅವನು ಇನ್ನೂ ಸಣ್ಣವನಿದ್ದಾಗಲೇ ದೂರದ ಲೋಹಾರಾ, ಮಾಕಣಿಗಳಿಂದ ಮುದುಕರು ಬಂಡಿ ಕಟ್ಟಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಬೋರಲು ಮಲಗುತ್ತಿದ್ದರು. ಅವನು ಬೆಲ್ಲ ಚೀಪುತ್ತ ಬಂದು ಅವರ ಸೊಂಟಕ್ಕೆ ಕಾಲು ಮುಟ್ಟಿಸಿ ಹೋಗುತ್ತಿದ್ದ. ಅವರು ಎದ್ದು, ಅವನ ಕೈಗೆ ಉತ್ತತ್ತಿ ಕೊಟ್ಟು, ಕೈಮುಗಿದು ಹೋಗುವರು. ತಲೆ ಮುಂದಾಗಿ ಬಂದದ್ದಕ್ಕೆ ನನಗೆ ಯಾರೂ ಒಂದು ಶೇಂಗಾ ಬೀಜವನ್ನೂ ಕೊಟ್ಟದ್ದಿಲ್ಲ.

"ನಾ ಹ್ಯಾಂಗ ಹುಟ್ಟಿದೆ ಆಯಿ?" ಎಂದು ಅಜ್ಜಿಯನ್ನು ಒಮ್ಮೆ ಕೇಳಿದ್ದೆ.

"ನೀನಾ? ನೀ ಬಾಯಿ ಮುಂದ ಮಾಡಿ ಬಂದಿಯೋ," ಅಂದಳು ಆಯಿ.

ನಾವಿಬ್ಬರೂ ಕೋಟೆಯ ಹತ್ತಿರದ ತಾಲೀಮಿಗೆ ಹೋಗುತ್ತಿದ್ದೆವು. ಗರಡಿಮನೆಗೆ ನಮ್ಮಲ್ಲಿ ಅದೇ ಹೆಸರು. ಕಲಿಸುವ ವಸ್ತಾದರು ನಿಜಾಮರ ಪಲಟಣಿನಲ್ಲಿದ್ದು ಬಂದ ಸಾಹೇಬರು. ಕನ್ನಡದಲ್ಲಿ ಹತ್ತಿದ ಮಾತಿನಿಂದ ಉರ್ದುವಿನಲ್ಲಿ ಇಳಿಯುವರು. ಅವರಿಗೆ ಮೈಯೆಲ್ಲ ಬಿಟ್ಟು ಕುತ್ತಿಗೆಯದೇ ಚಿಂತೆ. "ಕೈ ಮುರದ್ರ ಕೂಡ್ತದ, ಕಾಲ್ ಮುರದ್ರ ಕೂಡ್ತದ. ಗರ್ದನ್ ಬಗ್ಗಿತು, ಪೈಲ್ವಾನ್ ಖತಮ್. ಕ್ಯಾ ಸಮ್ಝೆ?" ಬೀಸುಕಲ್ಲಿನಂಥ ಕಲ್ಲಿಗೆ ನಡುವೆ ದೊಡ್ಡ ತೂತು ಹೊಡೆದು ಬಳೆಯಂತೆ ಮಾಡಿಸಿದ್ದರು. ಅದನ್ನು ಕೊರಳಿಗೆ ಹಾಕಿಕೊಂಡು ಬೈಠಕ್ ಹೊಡೆಯಬೇಕು. ಆಮೇಲೆ ತಲೆ ಮತ್ತು ಹಿಮ್ಮಡಿ ಎರಡನ್ನೇ ನೆಲಕ್ಕೆ ಊರಿ, ನಡುವನ್ನು ಬಿಲ್ಲಿನಂತೆ ಎತ್ತಿ, ಹೊಟ್ಟೆಯ ಮೇಲೆ ಇನ್ನೊಬ್ಬನನ್ನು ಕೂಡಿಸಿಕೊಳ್ಳಬೇಕು. ಅಣ್ಣ ಬಿಲ್ಲಾದಾಗ ಮೇಲೆ ಕೂಡುವವನು ನಾನು. ನಾನು ಬಿಲ್ಲಾದಾಗ ವಸ್ತಾದರು ಯಾರನ್ನೂ ಕೂಡಿಸುತ್ತಿರಲಿಲ್ಲ. "ನಿನ್ನ ಹೊಟ್ಟಿ ಮ್ಯಾಲ ನಿನ್ನ ಹೊಟ್ಟೀನ ಭಾರ ಅದ" ಅನ್ನುವರು.

ಆ ವರ್ಷ ನಾಗರ ಪಂಚಮಿಗೆ ನಿಲಂಗಾದಲ್ಲಿ ಕುಸ್ತಿ ಇತ್ತು. ಅಲ್ಲಿಯ ತಾಲೀಮಿನವರು ನಮ್ಮ ವಯಸ್ಸಿನ ಒಬ್ಬನನ್ನು ತಯಾರು ಮಾಡಿ, ಉದಗೀರದಿಂದ ಜೋಡಿ ಕಳಿಸಿರಿ ಎಂದು ಹೇಳಿಕಳಿಸಿದ್ದರು. ಆ ತೂಕಕ್ಕೆ ನಮ್ಮಲ್ಲಿ ಇಬ್ಬರೇ, ಅಣ್ಣ ಮತ್ತು ನಾನು. ಹಬ್ಬಕ್ಕೆ ಒಂದು ವಾರ ಮುಂಚೆ ಇಬ್ಬರನ್ನೂ ಮಣ್ಣಿಗಿಳಿಸುತ್ತೇನೆ, ಮೇಲಾದವನು ನಿಲಂಗಾಕ್ಕೆ, ಎಂದರು ವಸ್ತಾದರು. ನನಗೆ ಬೇಕಾದದ್ದು ಅದೊಂದೇ. ಒಂದು ಸಲ, ಹೆಚ್ಚಲ್ಲ, ಒಂದೇ ಒಂದು ಸಲ, ನನ್ನನ್ನು ನೋಡಲು ಜನ ಬರಬೇಕು, ಅಣ್ಣ ನನ್ನ ಪಂಚೆ ಹಿಡಿದುಕೊಂಡು ದಂಡೆಗೆ ನಿಂತಿರಬೇಕು.

ಇದರ ನಡುವೆ ಬೆಳ್ಳಿ ಬಂದಿತು.

ಬೇಸಿಗೆಯಲ್ಲಿ ಅಣ್ಣನ ಮದುವೆ ಉಮರ್ಗಾದ ಅರಿವೆ ಅಂಗಡಿಯವರ ಮಗಳ ಜೊತೆ ಆಗಿತ್ತು. ಹೆಣ್ಣು ಕೊಟ್ಟ ಮಾವ ಅಳಿಯನಿಗೆ ಬೆಳ್ಳಿಯ ಕರಡಿಗೆ ಮಾಡಿಸಿ ಕೊಟ್ಟರು. ಲಿಂಗ ಇಟ್ಟುಕೊಳ್ಳುವ ಆ ಪುಟ್ಟ ಸಂಪುಟ ನಮ್ಮವರೆಲ್ಲರ ಕೊರಳಲ್ಲೂ ಇರುತ್ತದೆ; ದಾರಕ್ಕೆ ಕಟ್ಟಿ ಎದೆಯ ಮೇಲೆ ಬಿಟ್ಟುಕೊಳ್ಳುತ್ತೇವೆ. ಅಣ್ಣನದಕ್ಕೆ ಸುತ್ತ ಬಳ್ಳಿಯ ಕೆತ್ತನೆ ಇತ್ತು. ಮನೆಗೆ ಬಂದ ಹೆಂಗಸರೆಲ್ಲ ಅದನ್ನು ನೋಡಿ, ಅವನನ್ನು ನೋಡಿ, ಕೊನೆಗೆ ನನ್ನನ್ನೂ ನೋಡಿ, "ನಿನಗ್ಯಾವಾಗಪಾ?" ಎಂದು ಕೇಳಿ ಹೋದರು. ನಾನು ಉಣ್ಣುವುದನ್ನು ಬಿಟ್ಟೆ. ಅಂದರೆ ಅವ್ವ ನೋಡುವಾಗ ಬಿಟ್ಟೆ. ಅವ್ವ ಸೋತು, ಅಪ್ಪನಿಗೆ ಹೇಳಿ, ನನಗೂ ಒಂದು ಮಾಡಿಸಲು ಒಪ್ಪಿಸಿದಳು. ಅಣ್ಣನದಕ್ಕಿಂತ ದೊಡ್ಡದಾಗಬೇಕು ಎಂದು ನಾನೇ ಪತ್ತಾರನ ಮುಂದೆ ಕೂತು ಕೈಯಲ್ಲಿ ಅಳತೆ ತೋರಿಸಿದೆ.

ಪತ್ತಾರ ನನ್ನ ಕೈ ನೋಡಿದ, ಮುಖ ನೋಡಿದ. "ಇದರಾಗ ನಿಮ್ಮದೊಂದ ಲಿಂಗ ಇಡತೀರೋ, ಮನೀ ಮಂದೀದೆಲ್ಲಾನೂ ಇಡತೀರೋ?"

ಅಂತೂ ಬೇಲದ ಹಣ್ಣಿನಷ್ಟು ಕರಡಿಗೆ ತಯಾರಾಯಿತು. ಆದರೆ ತಾಲೀಮಿನಲ್ಲಿ ಎದೆಯ ಮೇಲೆ ಕರಡಿಗೆ ತೂಗಬಿಟ್ಟುಕೊಂಡು ಕುಸ್ತಿ ಹಿಡಿಯಲಾಗದು. ಲಿಂಗವನ್ನು ಮೈಯಿಂದ ತೆಗೆದಿಡಲೂ ಆಗದು. ಅದಕ್ಕೆ ನಮ್ಮ ಲಿಂಗವಂತ ಪೈಲ್ವಾನರು ಲಿಂಗವನ್ನಷ್ಟೇ ಬಿಳಿ ಅರಿವೆಯಲ್ಲಿ ಸುತ್ತಿ ರಟ್ಟೆಗೆ ಬಿಗಿದುಕೊಳ್ಳುತ್ತಾರೆ, ಕೆಲವರು ತಲೆಗೆ. ಅಣ್ಣ ಬೆಳ್ಳಿಯನ್ನು ಮನೆಯ ಜಗಲಿಯ ಮೇಲಿಟ್ಟು ಲಿಂಗವನ್ನು ರಟ್ಟೆಗೆ ಕಟ್ಟಿಕೊಂಡು ಬರುತ್ತಿದ್ದ. ನಾನು ಬೆಳ್ಳಿಯನ್ನು ಮನೆಯಲ್ಲಿ ಬಿಟ್ಟುಬರುವುದಾದರೆ ಮಾಡಿಸಿದ್ದೇಕೆ? ರಟ್ಟೆಯ ಮೇಲೆ ಅದು ನಿಲ್ಲಲಿಲ್ಲ. ಸರಿ, ತಲೆಗೆ ಕಟ್ಟಿದೆ: ಎಡಗಿವಿಯ ಮೇಲೆ, ರುಮಾಲಿನ ಪದರಿನೊಳಗೆ, ಅಂಚು ಒಂದಿಷ್ಟು ಹೊಳೆಯುವ ಹಾಗೆ. ಬಜಾರಿಗೂ ಹಾಗೇ ಹೋದೆ, ಅಂಗಡಿಯಲ್ಲೂ ಹಾಗೇ ಕೂತೆ. ಕೊರಳಿನ ಬೆಳ್ಳಿ ಅಂಗಿಯೊಳಗೆ ಮುಚ್ಚಿಹೋಗುತ್ತದೆ. ತಲೆಯ ಬೆಳ್ಳಿ ಮುಚ್ಚುವ ಅಂಗಿಯನ್ನು ಯಾವ ದರ್ಜಿಯೂ ಇನ್ನೂ ಹೊಲಿದಿಲ್ಲ.

"ಲಿಂಗಕ್ಕಂತ ಕರಡಿಗಿ ಇರತಾವೋ ತಮ್ಮಾ, ಕರಡಿಗಿಗಂತ ಲಿಂಗ ಅಲ್ಲ," ಎಂದಳು ಅವ್ವ. ನಾನು ಅದೇ ಮಾತನ್ನು ಅವ್ವನದೇ ದನಿಯಲ್ಲಿ ಹೇಳಿ ತೋರಿಸಿ ಹೊರಗೆ ನಡೆದೆ.

ಸ್ವಲ್ಪ ದಿನಕ್ಕೆ ಕುತ್ತಿಗೆ ಹಿಡಿದುಕೊಂಡಿತು.

ನನಗೆ ಕಾರಣದ ಬಗ್ಗೆ ಅನುಮಾನವೇ ಇರಲಿಲ್ಲ. ಹಿಂದಿನ ದಿನ ಅಣ್ಣ ನನ್ನ ಕುತ್ತಿಗೆಗೆ ಕೈಹಾಕಿ ಕೆಳಗೆ ಜಗ್ಗಿದ್ದ. ನಿಲಂಗಾಕ್ಕೆ ನಾನು ಹೋದೇನೆಂದು ಹೆದರಿ ಬೇಕೆಂದೇ ತಿರುವಿದ್ದಾನೆ ಎಂದು ಮನೆಯಲ್ಲೂ ಹೇಳಿದೆ, ತಾಲೀಮಿನಲ್ಲೂ ಹೇಳಿದೆ, ನಮ್ಮ ಎತ್ತುಗಳಿಗೂ ಹೇಳಿದೆ. ಅಣ್ಣ ಕೇಳಿಸಿಕೊಂಡು, "ನಾ ದಿನಾ ಹಾಂಗ ಜಗ್ಗತೀನಲ್ಲೋ, ಇವತ್ತ ಏನಾತು?" ಅಂದ. ಆ ಶಾಂತವಾದ ಮಾತೇ ನನಗೆ ಆಗದು. ಸಿಟ್ಟಾಗಬಾರದೇ? ಒಮ್ಮೆ ಸಿಟ್ಟಾದರೆ ಅವನ ಸಿಟ್ಟಿನ ಸೋಂಗಾದರೂ ಮಾಡಬಹುದಿತ್ತು. ಊರಲ್ಲಿ ನನ್ನ ಕೈಗೆ ಸಿಗದ ಮನುಷ್ಯ ಅವನೊಬ್ಬನೇ. ಅವನ ಸೋಂಗು ಮಾಡಲು ಹೋದರೆ ಯಾರೋ ಒಬ್ಬ ಒಳ್ಳೆಯ ಹುಡುಗ ನಿಂತಂತೆ ಕಾಣುತ್ತಿತ್ತು. ಯಾರೂ ನಗುತ್ತಿರಲಿಲ್ಲ.

ಮದ್ದು ಶುರುವಾಯಿತು. ಅವ್ವ ಉಸುಕು ಹುರಿದು, ಅರಿವೆಯಲ್ಲಿ ಗಂಟು ಕಟ್ಟಿ, ಕಿವಿಯ ಹಿಂದಿನಿಂದ ಹೆಗಲಿನವರೆಗೆ ಶಾಖ ಕೊಟ್ಟಳು. ಆಯಿ ಔಡಲ ಎಲೆಗೆ ಎಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಕುತ್ತಿಗೆಗೆ ಸುತ್ತಿದಳು. ಶಾಖ ಇರುವತನಕ ಸುಖವಾಗಿರುತ್ತಿತ್ತು. ಆಮೇಲೆ ನಾನು ಎದ್ದು, ರುಮಾಲು ಸುತ್ತಿ, ಹೊರಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಹಿಡಿದುಕೊಳ್ಳುತ್ತಿತ್ತು.

ವಸ್ತಾದರು ಸ್ವತಃ ತಿಕ್ಕಲು ಕೂತರು. ತಾಲೀಮಿನಲ್ಲಿ ಹುಡುಗರು ಒಬ್ಬರ ಮೈ ಒಬ್ಬರು ತಿಕ್ಕುವುದು ರೂಢಿ. ವಸ್ತಾದರ ಕೈ ಬೀಳುವುದೆಂದರೆ ದೊಡ್ಡ ಮಾತು. ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ ಕಾಯಿಸಿ ತಂದು, ಹೆಬ್ಬೆರಳನ್ನು ನರದ ಮೇಲೆ ಇಟ್ಟು ಇಂಚಿಂಚೇ ಕೆಳಗೆ ಇಳಿಸಿದರು.

"ಉಸರು ಬಿಡು. ಎಡಕ್ಕ ನೋಡು. ಜೋರ್ ಮಾಡಬ್ಯಾಡ, ಬರೋವಷ್ಟ ಬರಲಿ. ಮತ್ತ ಉಸರು ಬಿಡು."

ನಾನು ಕಣ್ಣು ಮುಚ್ಚಿ, ಇಷ್ಟು ದಿನಕ್ಕೆ ವಸ್ತಾದರು ನನ್ನವರಾದರು ಅಂದುಕೊಂಡೆ. ಅಷ್ಟರಲ್ಲಿ ಆ ಹೆಬ್ಬೆರಳು ನಿಂತಿತು. ಕಣ್ಣು ತೆರೆದು ನೋಡಿದರೆ ವಸ್ತಾದರು ಆ ಕಡೆ ನೋಡುತ್ತಿದ್ದಾರೆ. ಅಲ್ಲಿ ಅಣ್ಣ ಬಿಲ್ಲಾಗಿದ್ದಾನೆ, ಹೊಟ್ಟೆಯ ಮೇಲೆ ಒಬ್ಬ ದಪ್ಪ ಹುಡುಗ ಕೂತಿದ್ದಾನೆ.

"ಮಾಶಾಲ್ಲಾ," ಎಂದರು ವಸ್ತಾದರು ನನ್ನ ಕುತ್ತಿಗೆ ಹಿಡಿದುಕೊಂಡೇ, "ಕ್ಯಾ ಗರ್ದನ್ ಹೈ."

ಕೈ ನನ್ನ ಕುತ್ತಿಗೆಯ ಮೇಲೆ, ಮಾತು ಅವನ ಕುತ್ತಿಗೆಗೆ. ಆ ದಿನ ನನಗೆ ಎಣ್ಣೆ ಹತ್ತಲಿಲ್ಲ.

ಮನೆಯಲ್ಲಿ ಆಯಿ ಇನ್ನೂ ಒಂದು ಮದ್ದು ಬಾಕಿ ಇಟ್ಟಿದ್ದಳು. ಅದು ಯಾವುದೆಂದು ನನಗೆ ಗೊತ್ತಿತ್ತು. ಅದಕ್ಕೇ ನೋವು ಕಡಿಮೆಯಾಗಿದೆ ಎಂದು ಸುಳ್ಳು ಹೇಳುತ್ತ ತಿರುಗುತ್ತಿದ್ದೆ.

"ಕಡಿಮಿ ಆಗ್ಯಾದಂದ್ರ ಎಡಕ್ಕ ನೋಡು," ಅಂದಳು ಆಯಿ.

"ಎಡಕ್ಕ ಏನದ ನೋಡಾಕ?"

"ನಾ ಇದ್ದೀನಿ. ನೋಡು."

ನೋಡಲಾಗಲಿಲ್ಲ.

"ಪರಊರ ಮಂದಿ ಬಂಡಿ ಕಟ್ಟಕೊಂಡ ಬರತಾರ," ಅಂದಳು ಆಯಿ. "ಮನ್ಯಾಗ ಪಾಯಾಳು ಇಟಗೊಂಡು ನೀ ಹೊಳ್ಳಲಾರದ ಎತ್ತಿನಂಗ ತಿರಗತಿ. ಅಣ್ಣಗ ಕಾಲ ಮುಟ್ಟಸಂತ ಹೇಳಲೇನು?"

"ಅಂವನ ಕಾಲು ನನ್ನ ಕುತಗೀ ಮ್ಯಾಲ? ಅದಕ್ಕಿಂತ ಕುತಗೀನ ಬ್ಯಾಡ ನನಗ."

"ಕುತಗಿ ಇಲ್ಲಂದ್ರ ನಿಲಂಗಾಕ್ಕ ಏನ ತಗೊಂಡ ಹೋಗತಿ? ಬಾಯಿ?"

ಆ ಮಾತಿಗೆ ನಾನು ಬೋರಲು ಮಲಗಿದೆ. ಅಂಗಳದಿಂದ ಅಣ್ಣನನ್ನು ಕರೆದರು. ಅವನು ಕಾಲು ತೊಳೆದು, ಒರೆಸಿಕೊಂಡು ಬಂದ. ಕಾಲು ತೊಳೆದು ಬಂದದ್ದೂ ನನಗೆ ಸಿಟ್ಟೇ. ಕೆಸರುಗಾಲಿನಲ್ಲೇ ಬಂದಿದ್ದರೆ ಬೈಯಬಹುದಿತ್ತು.

ಆಯಿ ತಡೆದಳು. "ನಿಲ್ಲು. ಲಿಂಗ ತಲೀಮ್ಯಾಲ ಇಟಗೊಂಡು ಕಾಲ ಮುಟ್ಟಿಸಕೋತಾನ ಇಂವಾ. ಏಳು, ಲಿಂಗ ತಗದು ರಟ್ಟಿಗಿ ಕಟಗೋ. ಬೆಳ್ಳೀದು ಜಗಲೀ ಮ್ಯಾಲ ಇಡು. ನಾಳಿ ಪೂಜೀತನಕ ತಲಿಗೆ ಕಟ್ಟಬ್ಯಾಡ."

ಎದ್ದು ಹಾಗೇ ಮಾಡಿದೆ, ಮತ್ತೆ ಮಲಗಿದೆ. ಅಣ್ಣ ಬಲಗಾಲಿನ ಹೆಬ್ಬೆರಳನ್ನು ನನ್ನ ಕುತ್ತಿಗೆಯ ಮೇಲೆ ಇಟ್ಟು ತೆಗೆದ. ಹೂವು ಇಟ್ಟಂತೆ. ಆಯಿ ಇನ್ನೆರಡು ಸಲ ಇಡಿಸಿದಳು.

"ಭಾರ ಆತೇನಪಾ?" ಅಂದ ಅಣ್ಣ.

"ನಿನ್ನ ಕಾಲಲ್ಲ, ನಿನ್ನ ನಗಿ ಭಾರ ಆಗ್ಲತ್ತದ," ಅಂದೆ. ಅವನು ನಗುತ್ತಿರಲಿಲ್ಲ. ಬೋರಲು ಮಲಗಿದವನಿಗೆ ಅದು ಹೇಗೆ ಗೊತ್ತಾಗಬೇಕು?

ಮರುದಿನ ಬೆಳಿಗ್ಗೆ ನಾನು ಎಡಕ್ಕೆ ತಿರುಗಿದೆ. ಪೂರ್ತಿ ಅಲ್ಲ, ಅರ್ಧ, ಆದರೆ ತಿರುಗಿದೆ. ಮನೆಯವರಿಗೆ ಹೇಳಬಾರದೆಂದಿದ್ದೆ. ಚಹಾ ತಂದ ಅವ್ವ ಎಡಗಡೆಯಿಂದ ಬಂದಳು, ನಾನು ಮರೆತು ತಿರುಗಿಬಿಟ್ಟೆ. ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು. ಪೇಶಕಾರರ ಹೆಂಡತಿ ಕೂಡ ಸೊಂಟ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಉತ್ತತ್ತಿ ಮತ್ತೆ ಬರಲು ಶುರುವಾದವು. ನನ್ನ ಕುತ್ತಿಗೆಯಿಂದ ಅವನಿಗೆ ಹೆಸರು. ನೋವು ಪಟ್ಟವನು ನಾನು, ಮಲಗಿದವನು ನಾನು, ಕಾಲೆತ್ತಿ ಇಟ್ಟದ್ದಷ್ಟೇ ಅವನು.

ಆ ಬೆಳಿಗ್ಗೆಯೇ ಪೂಜೆ ಮುಗಿದ ಕೂಡಲೇ ಜಗಲಿಯ ಮೇಲಿನ ಬೆಳ್ಳಿಯಲ್ಲಿ ಲಿಂಗ ಇಟ್ಟು ತಲೆಗೆ ಕಟ್ಟಿದೆ. ಇವತ್ತು ಅಂಚು ಇನ್ನಷ್ಟು ಕಾಣಲಿ ಎಂದು ಸ್ವಲ್ಪ ಮೇಲೆ ಕಟ್ಟಿದೆ. ಸಂಜೆಗೆ ಕುತ್ತಿಗೆ ಮತ್ತೆ ಬಲಕ್ಕೆ ವಾಲಿ ನಿಂತಿತು.

ನೀವು ನಂಬುವುದಿಲ್ಲ, ನನಗೆ ಸಂತೋಷವಾಯಿತು. ನೋವಿನಿಂದ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಓಣಿಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಅಡ್ಡಾಡಿದೆ. "ನೋಡ್ರೀ, ಪಾಯಾಳು ಕಾಲು ಹತ್ತಲಿಲ್ಲ." ಆಯಿ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದಳು: "ನಂಬಿಗಿ ಇಲ್ದಾಂವಗ ದೇವರ ಕಾಲೂ ಹತ್ತಂಗಿಲ್ಲ." ಉತ್ತತ್ತಿ ನಿಲ್ಲಲಿಲ್ಲ.

ಮಣ್ಣಿಗಿಳಿಯುವ ದಿನ ಹತ್ತಿರ ಬಂದಿತ್ತು. ವಸ್ತಾದರು ನನ್ನ ಕುತ್ತಿಗೆ ನೋಡಿ ಏನೂ ಹೇಳುತ್ತಿರಲಿಲ್ಲ. ಅವರು ಬೈಯುವುದನ್ನು ನಿಲ್ಲಿಸಿದರೆಂದರೆ ನನ್ನನ್ನು ಲೆಕ್ಕದಿಂದ ತೆಗೆದರೆಂದೇ ಅರ್ಥ.

ಹೀಗಿರುವಾಗ ಒಂದು ಮಧ್ಯಾಹ್ನ, ಜೋರು ಮಳೆ. ತಾಲೀಮಿನ ಮಣ್ಣಿಗೆ ಎಣ್ಣೆ, ಮಜ್ಜಿಗೆ ಕಲಸಿ ಹದ ಮಾಡಿ ಎಲ್ಲರೂ ಗೋಡೆಗೆ ಒರಗಿ ಕೂತಿದ್ದೆವು. ಹುಡುಗರು ನನಗೆ ಸೋಂಗು ಮಾಡು ಅಂದರು. ಕುತ್ತಿಗೆ ಹೀಗಿರುವಾಗ ಯಾರ ಸೋಂಗು? ಆಗುವುದಿಲ್ಲ ಅಂದೆ.

"ನಾ ಮಾಡಲೇನು?" ಅಂದ ಅಣ್ಣ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಹುಟ್ಟಿದಾಗಿನಿಂದ ಯಾರ ಸೋಂಗನ್ನೂ ಮಾಡಿದವನಲ್ಲ.

ಗೂಡಿನಲ್ಲಿದ್ದ ಬೆಲ್ಲದ ಹೆಂಟೆಯೊಂದನ್ನು ಅವನು ತೆಗೆದುಕೊಂಡ. ಕಸರತ್ತು ಮುಗಿದ ಮೇಲೆ ನಮಗೆ ಕೊಡುವ ಬೆಲ್ಲ ಅದು. ಅದನ್ನು ಅರಿವೆಯಲ್ಲಿ ಸುತ್ತಿ, ತನ್ನ ರುಮಾಲಿನ ಪದರಿನಲ್ಲಿ, ಎಡಗಿವಿಯ ಮೇಲೆ ಇಟ್ಟು ಕಟ್ಟಿದ. ಆಮೇಲೆ ಎದ್ದು ನಡೆದ. ಬಜಾರಿನಲ್ಲಿ ನಾನು ನಡೆಯುವ ಹಾಗೆ, ಎದುರು ಬಂದವರಿಗೆ ತಲೆಯ ಎಡಭಾಗ ಕಾಣುವಂತೆ. ಯಾರೋ ಕರೆದಂತೆ ನಿಂತ. ಕಾಲಿನಿಂದ ಹಿಡಿದು ಇಡೀ ಮೈ ತಿರುಗಿಸಿ, "ಓ" ಅಂದ.

ಹುಡುಗರು ಮಣ್ಣಿನಲ್ಲಿ ಬಿದ್ದು ಉರುಳಾಡಿದರು. ವಸ್ತಾದರಿಗೆ ನಗುತ್ತಾ ನಗುತ್ತಾ ಕೆಮ್ಮು ಹತ್ತಿತು. ನನ್ನ ದನಿ ಬರೋಬರ್ ನನ್ನದೇ. ಕುತ್ತಿಗೆ ಅವನದು, ಉತ್ತತ್ತಿ ಅವನದು, ವಸ್ತಾದರು ಅವನವರು. ಇದ್ದದ್ದೊಂದು ಸೋಂಗು, ಅದನ್ನೂ ತೆಗೆದುಕೊಂಡ. ಅದೂ ಎಷ್ಟು ಚಲೋ ಮಾಡಿದನೆಂದರೆ ನನಗೇ ನಗು ಬಂದಿತು. ಆ ನಗುವಿಗೆ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ.

"ತಲಿ ಅಷ್ಟು ವಾಲಿಸಬ್ಯಾಡ, ನಂದು ಅಷ್ಟಿಲ್ಲ," ಅಂದೆ.

"ನಾ ಎಲ್ಲಿ ವಾಲಸ್ಲತ್ತೀನೋ," ಅಂದ ಅಣ್ಣ, ತಾನೇ ಬೆರಗಾಗಿ. "ನೆಟ್ಟಗ ಹಿಡದ್ರ ಬೆಲ್ಲ ಜಾರತದ. ಜಾರಬಾರದಂತ ತಲಿ ತಾನ ಬಲಕ್ಕ ಹೋಗತದ." ಅವನು ಕೈಯಿಂದ ತನ್ನ ಕುತ್ತಿಗೆ ಮುಟ್ಟಿಕೊಂಡ. "ಏ, ನನಗೂ ಹಿಡ್ಯಾಕತ್ತು ನೋಡು, ಇಷ್ಟರಾಗ."

ವಸ್ತಾದರು ಎದ್ದು ಬಂದು ಅಣ್ಣನ ರುಮಾಲಿನ ಮೇಲೆ ಕೈಯಿಟ್ಟರು, ಬೆಲ್ಲದ ಗಂಟು ತೂಗಿ ನೋಡಿದರು. ಆಮೇಲೆ ದೂರದಿಂದಲೇ ನನ್ನ ತಲೆಯ ಬೆಳ್ಳಿಯನ್ನು ನೋಡಿದರು. ಅದನ್ನು ಅವರು ಮುಟ್ಟುವಂತಿರಲಿಲ್ಲ, ನನ್ನ ಲಿಂಗವನ್ನು ನನ್ನ ಹೊರತು ಯಾರೂ ಮುಟ್ಟುವಂತಿಲ್ಲ.

"ಇದನ್ನ ಹೊತ್ತು ಬೈಠಕ್ ಹೊಡೀತಿ? ಕೊರಳಾಗ ಕಲ್ಲು, ತಲೀಮ್ಯಾಲ ಇದು?"

"ಹೌದ್ರೀ."

"ತಲಿಗೆ ತಲಿ ಕೊಡುವಾಗ ಇಂವಾ ಬಲಕ್ಕಷ್ಟ ಕೊಡತಾನ್ರೀ," ಅಂದ ಅಣ್ಣ. "ಬೆಳ್ಳಿಗಿ ಪೆಟ್ಟ ಹತ್ತಬಾರದಂತ. ನಾ ಇದು ಏನೋ ಹೊಸಾ ಪಟ್ಟು ಅಂತ ತಿಳದಿದ್ದೆ."

ವಸ್ತಾದರು ಹಣೆ ಬಡಿದುಕೊಂಡು ಉರ್ದುವಿನಲ್ಲಿ ಏನೇನೋ ಅಂದರು. ಕೊನೆಯದಷ್ಟೇ ನನಗೆ ತಿಳಿಯಿತು: "ಕ್ಯಾ ಸಮ್ಝೆ?"

ಸಮಝಾಯಿತು. ಆದರೆ ಅಣ್ಣನ ಬಾಯಿಂದ, ಅಣ್ಣನ ಸೋಂಗಿನಿಂದ ಸಮಝಾಗಬೇಕಿತ್ತೇ?

ಬೆಳ್ಳಿ ಜಗಲಿಯ ಮೇಲೆ ಹೋಯಿತು, ಅಣ್ಣನ ಬೆಳ್ಳಿಯ ಪಕ್ಕದಲ್ಲಿ. ಅಲ್ಲಿ ಮಾತ್ರ ನನ್ನದೇ ದೊಡ್ಡದು. ಲಿಂಗ ರಟ್ಟೆಗೆ ಬಂದಿತು. ಅವ್ವನ ಉಸುಕಿನ ಶಾಖ, ವಸ್ತಾದರ ಎಣ್ಣೆ, ಉಸಿರು ಬಿಟ್ಟು ಬರುವಷ್ಟೇ ತಿರುಗಿಸುವುದು, ಇವೆಲ್ಲ ಈಗ ಹತ್ತತೊಡಗಿದವು. ಕಲ್ಲಿನ ಬಳೆಯನ್ನು ಮಣ್ಣಿಗಿಳಿಯುವ ದಿನದವರೆಗೆ ಮುಟ್ಟಬೇಡವೆಂದರು ವಸ್ತಾದರು. ದಿನದಿನಕ್ಕೆ ಎಡಗಡೆಯ ಲೋಕ ನನಗೆ ಮತ್ತೆ ಕಾಣತೊಡಗಿತು. ಆಯಿ ಮಾತ್ರ ಅದೆಲ್ಲ ಕಾಲಿನದೇ ಪುಣ್ಯ, ತಡವಾಗಿ ಹತ್ತಿತು ಅಂದಳು.

ಮಣ್ಣಿಗಿಳಿದ ದಿನ ನನ್ನ ಕುತ್ತಿಗೆ ಎಲ್ಲ ಕಡೆಗೂ ತಿರುಗುತ್ತಿತ್ತು. ಅಣ್ಣನ ಹಿಡಿತದಲ್ಲಿ ಸಿಕ್ಕೆ, ಬಿಡಿಸಿಕೊಂಡೆ, ಮತ್ತೆ ಸಿಕ್ಕೆ. ಒಂದು ಸಲ ಅವನ ಬೆನ್ನಿಗೆ ಹೋದೆ, ಅದನ್ನು ನೋಡಿದವರು ಇದ್ದಾರೆ. ಕೊನೆಗೆ ಬಲ ಸಾಲದಾದಾಗ ನನ್ನ ಸ್ವಂತ ಪಟ್ಟು ತೆಗೆದೆ. ಅವನ ಕಿವಿಯಲ್ಲಿ ವಸ್ತಾದರ ದನಿ ತೆಗೆದು "ಗರ್ದನ್ ಬಗ್ಗಿತು, ಪೈಲ್ವಾನ್ ಖತಮ್" ಅಂದೆ. ನಕ್ಕರೆ ಹಿಡಿತ ಸಡಿಲುತ್ತದೆ ಅಂತ. ಅವನು ನಕ್ಕ. ನಗುನಗುತ್ತಲೇ ನನ್ನನ್ನು ಎತ್ತಿ ಅಂಗಾತ ಮಲಗಿಸಿ ಎದೆಯ ಮೇಲೆ ಕೂತು ಇನ್ನೂ ನಕ್ಕ.

ಬಿದ್ದಲ್ಲೇ ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಎಲ್ಲೂ ನೋವಿಲ್ಲ. ಹೇಳಿಕೊಳ್ಳಲು ಒಂದು ನೋವೂ ಉಳಿದಿರಲಿಲ್ಲ.

ನಿಲಂಗಾಕ್ಕೆ ನಾನೂ ಹೋದೆ, ಅಣ್ಣನ ಮೈ ತಿಕ್ಕುವವನಾಗಿ. ಕುತ್ತಿಗೆಯ ಮದ್ದು ನನ್ನಷ್ಟು ಯಾರಿಗೂ ಗೊತ್ತಿಲ್ಲ ಎಂದು ವಸ್ತಾದರೇ ಹೇಳಿ ಬಂಡಿಯಲ್ಲಿ ಕೂಡಿಸಿದರು. ಎಣ್ಣೆಯ ಗಿಂಡಿ ನನ್ನ ತೊಡೆಯ ಮೇಲೆ, ಆಯಿ ಕೊಟ್ಟ ಪಂಚಮಿ ಉಂಡಿಯ ಗಂಟು ಅಣ್ಣನ ತೊಡೆಯ ಮೇಲೆ. ಅಲ್ಲಿ ಉಮರ್ಗಾದಿಂದ ಅವನ ಮಾವ ಬಂದಿದ್ದರು. ನಾನು ಅಣ್ಣನ ಪಂಚೆ ಹಿಡಿದುಕೊಂಡು ದಂಡೆಗೆ ನಿಂತೆ. ನಿಲಂಗಾದವನು ಗಿಡ್ಡ, ಗುಂಡುಕಲ್ಲಿನಂಥವನು. ಹಲಗಿ ಬಡಿಯುತ್ತಲೇ ಇದ್ದರು, ಇಬ್ಬರೂ ಒಬ್ಬರ ಕುತ್ತಿಗೆಗೆ ಒಬ್ಬರು ಜೋತು ಮಣ್ಣೆಲ್ಲ ಸುತ್ತಿದರು. ಯಾರೂ ಬೀಳಲಿಲ್ಲ. ಹೊತ್ತು ಮುಳುಗಲು ಬಂದಾಗ ಸಮಸಮ ಎಂದು ಬಿಡಿಸಿದರು. ಮಾವ ಅಳಿಯನ ತಲೆಗೆ ರೇಷ್ಮೆ ರುಮಾಲು ಸುತ್ತಿದರು. ನಾನೂ ಚಪ್ಪಾಳೆ ಹೊಡೆದೆ, ಬೇರೆಯವರಿಗಿಂತ ಸ್ವಲ್ಪ ತಡವಾಗಿ.

ಮರಳಿ ಬರುವಾಗ ಬಂಡಿಯಲ್ಲಿ ಅಣ್ಣನ ಕುತ್ತಿಗೆ ಹಿಡಿದುಕೊಂಡಿತು. ಬಲಕ್ಕೆ ವಾಲಿ ನಿಂತಿತು, ಥೇಟ್ ನನ್ನದರ ಹಾಗೆ.

"ಪಾಯಾಳು ತನ್ನ ಕುತಗೀಗಿ ತಾ ಕಾಲ ಮುಟ್ಟಸಕೋಬಹುದೇನು?" ಎಂದು ಕೇಳಿದೆ.

"ನಗಸಬ್ಯಾಡೋ, ನೋವಾಗತದ."

ಅಗಿಯಲು ಬಾರದೆಂದು ಅವನ ಪಾಲಿನ ಉಂಡಿಯನ್ನೂ ನಾನೇ ತಿಂದೆ. ಆಮೇಲೆ ಕೈಗೆ ಎಣ್ಣೆ ಹಚ್ಚಿಕೊಂಡು ಅವನ ಹಿಂದೆ ಕೂತೆ. ಹೆಬ್ಬೆರಳನ್ನು ಕಿವಿಯ ಹಿಂದೆ ಇಟ್ಟು ಮೆಲ್ಲಗೆ ಇಳಿಸಿದೆ. "ಉಸರು ಬಿಡು. ಬರೋವಷ್ಟ ಬರಲಿ." ಬೆರಳಿನ ಕೆಳಗೆ ನರ ಹಗ್ಗದಂತೆ ಬಿಗಿದಿತ್ತು. ಅಷ್ಟು ಜನರ ಮುಂದೆ, ಅಷ್ಟು ಹೊತ್ತು, ಅಂಥ ಮನುಷ್ಯ ಜೋತುಬಿದ್ದು ಕೊಟ್ಟ ನೋವು. ನನ್ನದೋ, ಬೇಲದ ಹಣ್ಣಿನಷ್ಟು ಬೆಳ್ಳಿ ಕೊಟ್ಟದ್ದು. ಅವನಿಗೆ ಸಿಕ್ಕದ್ದೆಲ್ಲದಕ್ಕೂ ನಾನು ಹೊಟ್ಟೆ ಉರಿದುಕೊಂಡಿದ್ದೇನೆ, ಆ ನೋವಿಗೆ ಉರಿದುಕೊಂಡಷ್ಟು ಯಾವುದಕ್ಕೂ ಅಲ್ಲ.

"ನಿನ್ನ ಕೈ ಚಲೋ ಅದ ನೋಡು," ಅಂದ ಅಣ್ಣ ಕಣ್ಣು ಮುಚ್ಚಿ. "ವಸ್ತಾದರದಕ್ಕಿಂತ ಚಲೋ."

ನಾನು ಇನ್ನಷ್ಟು ಎಣ್ಣೆ ಹಾಕಿದೆ.

ಉದಗೀರ ಹತ್ತಿರ ಬಂದಾಗ ಬೇಸರ ಕಳೆಯಲೆಂದು ಅವನೆದುರು ಕೂತು ಅವನ ಸೋಂಗು ಮಾಡಿದೆ. ವಾಲಿದ ಕುತ್ತಿಗೆ, ಅರ್ಧ ಮುಚ್ಚಿದ ಕಣ್ಣು, ರೇಷ್ಮೆ ರುಮಾಲು ಇದ್ದಂತೆ ಎತ್ತಿ ಹಿಡಿದ ತಲೆ. ಮೊಟ್ಟಮೊದಲ ಸಲ ಅಣ್ಣ ನನ್ನ ಕೈಗೆ ಸಿಕ್ಕಿದ. ಅವನು ಹೊಟ್ಟೆ ಹಿಡಿದುಕೊಂಡು, ಕುತ್ತಿಗೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಬಂಡಿ ಊರ ಅಗಸೆಬಾಗಿಲೊಳಗೆ ಬಂದಿತು. ರುಮಾಲು ಮಳೆಗೆ ನೆನೆಯಬಾರದೆಂದು ಅವನು ಬಿಚ್ಚಿ ಗಂಟಿನಲ್ಲಿಟ್ಟಿದ್ದ. ದಾರಿಯಲ್ಲಿ ಜನ ನಿಂತಿದ್ದರು, ಬಂಡಿಯಲ್ಲಿ ನಮ್ಮಿಬ್ಬರ ಕುತ್ತಿಗೆಯೂ ಬಲಕ್ಕೆ.

ಎಣ್ಣೆ ಅಂಗಡಿಯವನು ಮುಂದೆ ಬಂದು ನನ್ನನ್ನು ನೋಡಿ, ಅವನನ್ನು ನೋಡಿ, "ನಿಲಂಗಾದಾಗ ಕುಸ್ತಿ ಹಿಡದಾಂವ ಯಾರಪಾ ನಿಮ್ಮಾಗ?" ಎಂದು ಕೇಳಿದ. ಎಡಗಡೆಯಿಂದ ಕೇಳಿದ.

ಅಣ್ಣ ನಗು ತಡೆದುಕೊಂಡು ನನ್ನ ಮುಖವನ್ನೇ ನೋಡಿದ. ನಾನು ಕಾಲಿನಿಂದ ಹಿಡಿದು ಇಡೀ ಮೈ ತಿರುಗಿಸಿ, "ಓ" ಅಂದೆ. ಬಂಡಿ ಓಣಿ ದಾಟುವತನಕ ಕುತ್ತಿಗೆ ನೆಟ್ಟಗೆ ಮಾಡಲಿಲ್ಲ.